ಆ ಖಾಲಿ ಆಫೀಸುಗಳಲ್ಲಿ ಜನ ಇರಲಿ ಬಿಡಿ: ಬೆಂಗಳೂರು ಅಭಿವೃದ್ಧಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಬೆಂಗಳೂರು ಅಭಿವೃದ್ಧಿ ಸಚಿವರಿಗೆ,

ನಮಸ್ಕಾರ ಸಾರ್.

ರೆಸಿಡೆನ್ಸಿ ರಸ್ತೆಯ ಹಿಂದಿನ ಒಂದು ಅಡ್ಡರಸ್ತೆಯಲ್ಲಿ ಏಳು ಮಹಡಿಯ ಹಳೇ ಕಟ್ಟಡವೊಂದಿದೆ. ಅದರ ಐದನೇ ಮಹಡಿಯಲ್ಲಿ ಕೂತು ನಾನು 26 ವರ್ಷ ಲೆಕ್ಕ ಬರೆದೆ. ಕೆಳಗೆ ಜೆರಾಕ್ಸ್ ಅಂಗಡಿ, ಪಕ್ಕದಲ್ಲಿ ದರ್ಶಿನಿ. ಮೇಲೆ ಲಾಯರು, ಆಡಿಟರು, ಎರಡು ಟ್ರಾವೆಲ್ ಏಜೆನ್ಸಿ, ಒಂದು ಇನ್ಶೂರೆನ್ಸ್ ಆಫೀಸು. ಮೊದಲು ನಮ್ಮ ಕಂಪನಿ ಔಟರ್ ರಿಂಗ್ ರೋಡಿಗೆ ಹೋಯಿತು. ಟ್ರಾವೆಲ್ ಏಜೆನ್ಸಿಗಳನ್ನು ಮೊಬೈಲು ಮುಗಿಸಿತು. ಕೊರೊನಾ ಬಂದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬೀಗ ಹಾಕಿದರು. ಈಗ ಸಂಜೆ ಹೊತ್ತು ಎರಡು ಮಹಡಿಯಲ್ಲಿ ಮಾತ್ರ ದೀಪ ಕಾಣುತ್ತದೆ.

ಇಡೀ ಕಟ್ಟಡದಲ್ಲಿ ಸಂಸಾರ ಅಂತ ಹೂಡಿರುವವರು ವಾಚ್‌ಮನ್ ಒಬ್ಬರೇ. ಯಾದಗಿರಿ ಕಡೆಯವರು. ಮೀಟರ್ ಬೋರ್ಡಿನ ಪಕ್ಕದ ಸಣ್ಣ ರೂಮಿನಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಒಂದು ಗ್ಯಾಸ್ ಒಲೆ. ಆ ರೂಮಿಗೆ ಕಿಟಕಿ ಇಲ್ಲ. ಅವರ ತಲೆಯ ಮೇಲೆ ಐದು ಮಹಡಿ ಖಾಲಿ ಬಿದ್ದಿವೆ, ತುಂಬ ಕಿಟಕಿ ಇಟ್ಟುಕೊಂಡು.

ಈ ಥರದ ಕಟ್ಟಡಗಳನ್ನು ಮನೆಗಳಾಗಿ ಬದಲಾಯಿಸಲು ದಾರಿ ಮಾಡಿಕೊಡಿ ಅಂತ ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ನೀವು ನಗಬಹುದು. ಬೆಂಗಳೂರಿನಲ್ಲಿ ಆಫೀಸು ಎಲ್ಲಿ ಖಾಲಿ ಬಿದ್ದಿದೆ, ದಿನಕ್ಕೊಂದು ಟೆಕ್ ಪಾರ್ಕ್ ಏಳುತ್ತಿದೆಯಲ್ಲ ಅಂತ. ನಿಜ. ನಾನು ಬೆಳ್ಳಂದೂರು, ವೈಟ್‌ಫೀಲ್ಡಿನ ಗಾಜಿನ ಗೋಪುರಗಳ ಮಾತಾಡುತ್ತಿಲ್ಲ. ಅವು ತುಂಬುತ್ತವೆ, ಬಿಡಿ. ನನ್ನ ಮಾತು ಊರಿನ ನಡುವಿನ ಹಳೇ ಆಫೀಸುಗಳದ್ದು. ಇನ್‌ಫೆಂಟ್ರಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ, ಜೆ.ಸಿ. ರಸ್ತೆ, ಕೆ.ಜಿ. ರಸ್ತೆಯ ಸುತ್ತ ಒಂದು ಸಲ ತಲೆಯೆತ್ತಿ ನಡೆದು ನೋಡಿ. ನೆಲಮಹಡಿಯಲ್ಲಿ ಅಂಗಡಿ ಜೋರಾಗಿರುತ್ತದೆ. ಮೂರನೇ ಮಹಡಿಯಿಂದ ಮೇಲೆ ಧೂಳು ಹಿಡಿದ ಗಾಜು, ಬಿಸಿಲಿಗೆ ಬಣ್ಣ ಹೋದ ‘ಟು ಲೆಟ್’ ಬೋರ್ಡು. ಪಾರ್ಕಿಂಗ್ ಇಲ್ಲ, ಸೆಂಟ್ರಲ್ ಏಸಿ ಇಲ್ಲ, ಒಂದೊಂದು ಮಹಡಿಯೂ ಚಿಕ್ಕದು. ಇವತ್ತಿನ ಕಂಪನಿಗಳಿಗೆ ಅವು ಬೇಡ.

ಕಂಪನಿಗೆ ಬೇಡವಾದ ಈ ಗುಣಗಳೇ ಮನೆಗೆ ಬೇಕಾದವು. ಆ ಕಾಲದ ಕಟ್ಟಡಗಳು ಫ್ಯಾನು, ಗಾಳಿ ನಂಬಿಕೊಂಡು ಎದ್ದವು. ಹಾಗಾಗಿ ಎರಡು ಕಡೆ, ಮೂರು ಕಡೆ ತೆರೆಯುವ ಕಿಟಕಿ ಇವೆ. ನಮ್ಮ ಮಹಡಿಯಲ್ಲಿ ಯಾವ ಮೇಜೂ ಕಿಟಕಿಯಿಂದ ಇಪ್ಪತ್ತು ಹೆಜ್ಜೆಗಿಂತ ದೂರ ಇರಲಿಲ್ಲ. ಹಗಲು ಲೈಟ್ ಹಾಕಿದರೆ ಮ್ಯಾನೇಜರು ಬೈಯುತ್ತಿದ್ದರು.

ಇದು ಎಷ್ಟು ದೊಡ್ಡ ಭಾಗ್ಯ ಅಂತ ನ್ಯೂಯಾರ್ಕಿನವರನ್ನು ಕೇಳಬೇಕು. ಅಲ್ಲಿ ಮ್ಯಾನ್‌ಹಟನ್‌ನ ತುದಿಯಲ್ಲಿ 25 ವಾಟರ್ ಸ್ಟ್ರೀಟ್ ಅನ್ನುವ ದೈತ್ಯ ಆಫೀಸ್ ಕಟ್ಟಡವನ್ನು 1,300ಕ್ಕೂ ಹೆಚ್ಚು ಫ್ಲ್ಯಾಟುಗಳಾಗಿ ಬದಲಾಯಿಸಿದ್ದಾರೆ. 1960ರ ದಶಕದ ಕೊನೆಯಲ್ಲಿ ಕಟ್ಟಿದ್ದು. ಒಳಗೆ ಎಷ್ಟು ಆಳ ಅಂದರೆ ನಡುಮಧ್ಯಕ್ಕೆ ಬೆಳಕೇ ಬರುತ್ತಿರಲಿಲ್ಲ. ಕೊನೆಗೆ ಮೇಲಿಂದ ಕೆಳಗಿನವರೆಗೆ ಕಟ್ಟಡವನ್ನೇ ಕೊರೆದು ಎರಡು ತೊಟ್ಟಿ ಮಾಡಿದರು. ನಮ್ಮ ಹಾಸನ, ಚಿಕ್ಕಮಗಳೂರು ಕಡೆಯ ತೊಟ್ಟಿ ಮನೆಯ ತೊಟ್ಟಿ ಇದೆಯಲ್ಲ, ಅದೇ ಉಪಾಯ. ಕೊರೆದು ಕಳೆದುಕೊಂಡ ಜಾಗಕ್ಕೆ ಬದಲಾಗಿ ಮೇಲೆ ಹತ್ತು ಮಹಡಿ ಏರಿಸಿಕೊಂಡರು. ನಮ್ಮ ಏಳು ಮಹಡಿಯ ಕಟ್ಟಡಗಳಿಗೆ ಇಷ್ಟೆಲ್ಲ ಸರ್ಕಸ್ ಬೇಕಿಲ್ಲ.

ಕಟ್ಟಡ ತಡೆಯುತ್ತದಾ ಅನ್ನುವ ಪ್ರಶ್ನೆ ಬರುತ್ತದೆ. ಪರಿಚಯದ ಎಂಜಿನಿಯರ್ ಒಬ್ಬರನ್ನು ಕೇಳಿದೆ. ಭಾರತೀಯ ಮಾನಕ 875ರ ಪ್ರಕಾರ ಮನೆಯ ನೆಲ ಚದರ ಮೀಟರಿಗೆ ಸುಮಾರು 200 ಕೆಜಿ ಹೊರುವಂತೆ ಲೆಕ್ಕ ಹಾಕುತ್ತಾರೆ, ಆಫೀಸಿಗಾದರೆ 250ರಿಂದ 400 ಕೆಜಿ ಅಂದರು. ಅಂದರೆ ಭಾರ ಇಳಿಯುತ್ತದೆ. ನಮ್ಮ ಹಳೇ ಲೆಡ್ಜರುಗಳ ಗಾಡ್ರೆಜ್ ಬೀರುಗಳನ್ನು ಹೊತ್ತ ನೆಲ ಒಂದು ಮಂಚ, ಒಂದು ಫ್ರಿಜ್ಜು ಹೊರುವುದಿಲ್ಲವಾ! ಹಾಗಂತ ಪರೀಕ್ಷೆ ಬೇಡ ಅಂತಲ್ಲ. ನಲವತ್ತು ವರ್ಷದ ಕಾಂಕ್ರೀಟಿನೊಳಗೆ ಕಬ್ಬಿಣ ಎಷ್ಟು ತುಕ್ಕು ಹಿಡಿದಿದೆ ಅಂತ ನೋಡಲೇಬೇಕು.

ನಿಜವಾದ ತಲೆನೋವು ಪೈಪು. ಆಫೀಸಿನಲ್ಲಿ ಮಹಡಿಗೆ ಎರಡೇ ಟಾಯ್ಲೆಟ್, ಅದೂ ಲಿಫ್ಟಿನ ಪಕ್ಕ. ಆರು ಮನೆ ಮಾಡಿದರೆ ಆರು ಬಚ್ಚಲು, ಆರು ಅಡುಗೆಮನೆ ಬೇಕು. ಕೊಳಾಯಿ ಪೈಪನ್ನು ಹೊರಗೋಡೆ ಮೇಲೆ ಇಳಿಸಬಹುದು, ಕೊಳಚೆಯ ಪೈಪಿಗೆ ಇಳಿಜಾರು ಬೇಕು, ನೆಲ ಎತ್ತರಿಸಬೇಕು. ಖರ್ಚು ಇದೆ. ಆದರೆ ಜಾಗ ಕೊಳ್ಳುವುದು, ಪಾಯ ತೋಡುವುದು, ಕಂಬ ಎಬ್ಬಿಸುವುದು ಇದ್ಯಾವುದೂ ಇಲ್ಲ ಅಲ್ವಾ?

ಇನ್ನೊಂದು ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಊರ ಹೊರಗೆ ಹೊಸ ಅಪಾರ್ಟ್‌ಮೆಂಟ್ ಎದ್ದರೆ ಅಲ್ಲಿಗೆ ನೀರು, ಒಳಚರಂಡಿ, ರಸ್ತೆ, ಬಸ್ಸು ಎಲ್ಲವನ್ನೂ ಸರ್ಕಾರ ಹಿಂದೆ ಓಡಿಕೊಂಡು ಹೋಗಿ ಕೊಡಬೇಕು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಸಾಲು ನಿಂತದ್ದನ್ನು ಯಾರೂ ಮರೆತಿಲ್ಲ. ಊರಿನ ನಡುವೆ ಕಾವೇರಿಯ ಮೊದಲ ಹಂತದ ನೀರು 1974ರಲ್ಲೇ ಬಂತು. ಎಂ.ಜಿ. ರಸ್ತೆಗೆ ಮೆಟ್ರೊ 2011ರಲ್ಲೇ ಬಂತು. ಸಂಜೆ ಏಳರ ನಂತರ ಅದೇ ಸ್ಟೇಷನ್ನಿನಿಂದ ಜನ ಒಂದು ಗಂಟೆ, ಒಂದೂವರೆ ಗಂಟೆ ದೂರದ ಮನೆಗೆ ಹೊರಡುತ್ತಾರೆ, ಸುತ್ತಲಿನ ಖಾಲಿ ಮಹಡಿಗಳನ್ನು ದಾಟಿಕೊಂಡು.

ನನ್ನ ತಂಗಿಯ ಮಗಳ ಕಥೆ ಹೇಳುತ್ತೇನೆ. ನರ್ಸ್ ಆಗಿದ್ದಾಳೆ, ಊರಿನ ನಡುವಿನ ಒಂದು ಆಸ್ಪತ್ರೆಯಲ್ಲಿ. ರಾತ್ರಿ ಪಾಳಿ ಬಂದರೆ ದೂರ ಹೋಗಲಾಗುವುದಿಲ್ಲ ಅಂತ ಹತ್ತಿರದಲ್ಲೇ ಪಿಜಿ ಹುಡುಕಿದಳು. ಸಿಕ್ಕಿತು. ನೋಡಿದರೆ ಅದು ಹಳೇ ಆಫೀಸು! ದೊಡ್ಡ ಹಾಲಿಗೆ ಪ್ಲೈವುಡ್ ಅಡ್ಡ ಹಾಕಿ ಹದಿನಾಲ್ಕು ಗೂಡು ಮಾಡಿದ್ದರು. ಕಿಟಕಿ ಬಂದದ್ದು ನಾಲ್ಕು ಗೂಡಿಗೆ, ಅದಕ್ಕೆ ಎರಡು ಸಾವಿರ ಜಾಸ್ತಿ. ಉಳಿದ ಹತ್ತಕ್ಕೆ ಹಗಲು ರಾತ್ರಿ ಒಂದೇ. ಹಿಂದಿನ ಮೆಟ್ಟಿಲಿನ ಬಾಗಿಲಿಗೆ ಬೀಗ, ಅದಕ್ಕೆ ಒರಗಿಸಿಟ್ಟ ಅಕ್ಕಿ ಮೂಟೆ. ನಾನು ಹೋಗಿ ನೋಡಿದವನು ಅವತ್ತೇ ಅವಳ ಟ್ರಂಕು ಹೊತ್ತುಕೊಂಡು ಬಂದೆ.

ಅಂದರೆ ಸಾರ್, ಬದಲಾವಣೆ ಆಗಲೇ ನಡೆಯುತ್ತಿದೆ. ನಿಯಮ ಇಲ್ಲದೆ, ಕದ್ದುಮುಚ್ಚಿ, ಅತ್ಯಂತ ಕೆಟ್ಟದಾಗಿ ನಡೆಯುತ್ತಿದೆ.

ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್ ನೆನಪಿದೆಯಲ್ಲ. 2010ರ ಫೆಬ್ರವರಿ 23. ಆಫೀಸುಗಳಿದ್ದ ಕಟ್ಟಡ. ಹೊಗೆ ತುಂಬಿತು, ಇಳಿಯಲು ದಾರಿ ಸಿಗದೆ ಜನ ಕಿಟಕಿಯಿಂದ ಹಾರಿದರು. 9 ಜನ ಹೋದರು. ಅದು ಹಾಡಹಗಲು, ಎಲ್ಲರೂ ಎಚ್ಚರವಿದ್ದ ಹೊತ್ತು. ಪ್ಲೈವುಡ್ ಗೂಡುಗಳಲ್ಲಿ ಜನ ಮಲಗಿರುವಾಗ ಆದರೆ?

ಇಂಗ್ಲೆಂಡಿನವರು ಇಂಥದ್ದೇ ತಪ್ಪನ್ನು ಕಾನೂನಿನ ಮುದ್ರೆ ಒತ್ತಿ ಮಾಡಿದರು. 2013ರಲ್ಲಿ ಆಫೀಸನ್ನು ಮನೆ ಮಾಡಲು ಪೂರ್ತಿ ಪ್ಲಾನಿಂಗ್ ಅನುಮತಿ ಬೇಡ ಅಂತ ಬಿಟ್ಟರು. ಬಿಲ್ಡರುಗಳಿಗೆ ಹಬ್ಬ. ಹಾರ್ಲೊ ಅನ್ನುವ ಊರಿನ ಟರ್ಮಿನಸ್ ಹೌಸ್ ಎಂಬ ಆಫೀಸ್ ಗೋಪುರದಲ್ಲಿ 200ಕ್ಕೂ ಜಾಸ್ತಿ ಪುಟಾಣಿ ಫ್ಲ್ಯಾಟು ತುಂಬಿದರು. ಲಂಡನ್ನಿನ ಪಾಲಿಕೆಗಳು ಮನೆಯಿಲ್ಲದ ಸಂಸಾರಗಳನ್ನು ಅಲ್ಲಿಗೆ ಸಾಗಹಾಕಿದವು. 2020ರ ಒಂದು ಅಧ್ಯಯನ ನೋಡಿದರೆ, ಹೀಗೆ ಅನುಮತಿ ಇಲ್ಲದೆ ಆದ ಮನೆಗಳಲ್ಲಿ ನೂರಕ್ಕೆ 22 ಮಾತ್ರ ಅವರದೇ ಅಳತೆಯ ನಿಯಮಕ್ಕೆ ಸರಿಹೊಂದಿದ್ದವು. ಅದೇ ವರ್ಷ ಎಚ್ಚೆತ್ತರು. ವಾಸದ ಕೋಣೆಗಳಿಗೆಲ್ಲ ಹಗಲು ಬೆಳಕು ಬರಲೇಬೇಕು ಅಂದರು. 2021ರಿಂದ ಒಬ್ಬರು ಇರುವ ಮನೆಯಾದರೂ 37 ಚದರ ಮೀಟರ್, ಅಂದರೆ ಸುಮಾರು 400 ಚದರ ಅಡಿ ಇರಬೇಕು ಅಂದರು. ಮನೆಗೆ ಕಿಟಕಿ ಇರಬೇಕು ಅಂತ ಬರೆಯಲು ಅವರಿಗೆ ಏಳು ವರ್ಷ ಬೇಕಾಯಿತು. ನಾವು ಮೊದಲ ದಿನವೇ ಬರೆದುಬಿಡೋಣ.

ಈಗ ಒಳ್ಳೆಯ ಮನಸ್ಸಿನ ಮಾಲೀಕರೊಬ್ಬರು ಕಾನೂನಿನ ಪ್ರಕಾರ ಮಾಡಲು ಹೊರಟರೆ ಏನಾಗುತ್ತದೆ? ನಮ್ಮ ಕಟ್ಟಡದ ಮಾಲೀಕರು ಒಂದು ಸಲ ಹೊರಟಿದ್ದರು. ಭೂಬಳಕೆಗೆ ಒಂದು ಕಚೇರಿ, ನಕ್ಷೆಗೆ ಇನ್ನೊಂದು. ಫೈರ್‌ನವರ ಎನ್‌ಒಸಿ. ಬೆಸ್ಕಾಂನಲ್ಲಿ ವಾಣಿಜ್ಯದ ಮೀಟರನ್ನು ಗೃಹಬಳಕೆಗೆ ಬದಲಿಸಬೇಕು, ಮನೆಮನೆಗೂ ಬೇರೆ ಆರ್‌ಆರ್ ನಂಬರು, ಅಂದರೆ ಕರೆಂಟ್ ಸಂಪರ್ಕದ ಸಂಖ್ಯೆ. ಜಲಮಂಡಳಿಯಲ್ಲಿ ಇದೇ ಕಥೆ ಇನ್ನೊಮ್ಮೆ. ಮೇಲೆ ಖಾತೆ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಓಸಿ (ಕಟ್ಟಡ ಬಳಸಬಹುದು ಅನ್ನುವ ಪ್ರಮಾಣಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದು ಅಂದಿತು. ಒಳ್ಳೆಯದೇ. ಆದರೆ ನಮ್ಮ ಕಟ್ಟಡದ ಓಸಿ ಇದೆಯೋ, ಗೆದ್ದಲು ತಿಂದಿದೆಯೋ ಮಾಲೀಕರಿಗೇ ಗೊತ್ತಿಲ್ಲ. ಮೂರು ತಿಂಗಳು ಓಡಾಡಿ ಸುಮ್ನೆ ಮನೆಗೆ ಹೋದರು. ಯಾವ ಜಾಗ ಯಾವ ಬಳಕೆಗೆ ಅಂತ ಹೇಳುವ ಊರಿನ ಮಹಾಯೋಜನೆಯೇ 2015ರ ಹೆಸರಿನದು, ಜಾರಿಗೆ ಬಂದದ್ದು 2007ರಲ್ಲಿ. 2031ರದ್ದು ಅಂತ ಒಂದು ಕರಡು ಬಂತು, ವಾಪಸ್ ಹೋಯಿತು.

ಹಣ ಕೊಡಿ ಅಂತ ನಾನು ಕೇಳುತ್ತಿಲ್ಲ. ಕೆನಡಾದ ಕ್ಯಾಲ್ಗರಿ ಕೊಟ್ಟಿತು. ತೈಲದ ಬೆಲೆ ಬಿದ್ದು ಕಂಪನಿಗಳು ಖಾಲಿ ಮಾಡಿದಾಗ ಪೇಟೆಯ ನಡುವೆ ಮೂರರಲ್ಲಿ ಒಂದು ಪಾಲು ಆಫೀಸ್ ಜಾಗ ಪಾಳು ಬಿತ್ತು. 2021ರಲ್ಲಿ ಅಲ್ಲಿನ ನಗರಸಭೆ ಚದರ ಅಡಿಗೆ 75 ಡಾಲರ್ ಸಹಾಯಧನ ಇಟ್ಟಿತು. 2031ರೊಳಗೆ 60 ಲಕ್ಷ ಚದರ ಅಡಿ ಆಫೀಸು ಕಡಿಮೆ ಮಾಡುವುದು ಗುರಿ. ಅವರ ಕಷ್ಟ ಬೇರೆ, ಖಜಾನೆ ಬೇರೆ. ನಮಗೆ ಬೇಕಾದದ್ದು ಒಂದು ಕಿಟಕಿ. ಸರ್ಕಾರದವರು ‘ಏಕಗವಾಕ್ಷಿ’ ಅನ್ನುತ್ತಾರಲ್ಲ, ಅದೇ.

ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ, ಐದು ಪಾಲಿಕೆ ಆಗಿವೆ. ಕೇಂದ್ರ ಪಾಲಿಕೆಯೊಂದರಲ್ಲೇ ಮೊದಲು ಮಾಡಿ ನೋಡಿ. ಯಾವ ಕಟ್ಟಡ ಎಷ್ಟು ಖಾಲಿ ಅಂತ ತಿಳಿಯಲು ದೊಡ್ಡ ಸಮೀಕ್ಷೆಯೂ ಬೇಡ, ಕನ್ಸಲ್ಟೆಂಟೂ ಬೇಡ. ಬೆಸ್ಕಾಂನವರನ್ನು ಕೇಳಿ. ವರ್ಷವಿಡೀ ಮಿನಿಮಮ್ ಬಿಲ್ ಮಾತ್ರ ಕಟ್ಟುತ್ತಿರುವ ವಾಣಿಜ್ಯ ಮೀಟರುಗಳ ಪಟ್ಟಿ ಅವರ ಕಂಪ್ಯೂಟರಿನಲ್ಲಿದೆ. ಆ ಪಟ್ಟಿ ಹಿಡಿದು ಮಾಲೀಕರನ್ನು ಕರೆಯಿರಿ. ಕಟ್ಟಡದ ಬಲ ಪರೀಕ್ಷೆ, ಎರಡು ತೆರೆದ ಮೆಟ್ಟಿಲು, ಪ್ರತಿ ಕೋಣೆಗೂ ಕಿಟಕಿ, ಪ್ಲೈವುಡ್ ಗೋಡೆ ಇಲ್ಲ. ಇಷ್ಟು ಒಪ್ಪಿದವರಿಗೆ ಒಂದೇ ಮೇಜಿನಲ್ಲಿ ಎಲ್ಲ ಕಾಗದ ಕೊಡಿ, ತೆರಿಗೆಯನ್ನು ಮನೆಯ ದರಕ್ಕೆ ಇಳಿಸಿ. ಪಾರ್ಕಿಂಗ್ ಮಾತ್ರ ಕೇಳಬೇಡಿ. ಮೆಟ್ರೊ ಪಕ್ಕದಲ್ಲಿ ಬಾಡಿಗೆಗೆ ಬರುವ ನರ್ಸಿಗೆ, ಹೋಟೆಲ್ ಸಪ್ಲೈಯರಿಗೆ ಕಾರು ಎಲ್ಲಿಂದ ಬರಬೇಕು? ಕಾರು ನಿಲ್ಲಿಸಲು ಜಾಗವಿಲ್ಲ ಅಂತ ಮನುಷ್ಯರಿಗೂ ಜಾಗವಿಲ್ಲ ಅನ್ನುವುದು ಯಾವ ನ್ಯಾಯ?

ಬದಲಿಗೆ ಒಂದು ಷರತ್ತು ಗಟ್ಟಿಯಾಗಿ ಹಿಡಿಯಿರಿ. ನಾಲ್ಕರಲ್ಲಿ ಒಂದು ಮನೆ ಕಡಿಮೆ ಬಾಡಿಗೆಗೆ ಹೋಗಬೇಕು, ಅದಕ್ಕೆ ಅಡ್ವಾನ್ಸ್ ಎರಡು ತಿಂಗಳು ಮೀರಬಾರದು. ಹತ್ತು ತಿಂಗಳ ಅಡ್ವಾನ್ಸ್ ಒಟ್ಟು ಮಾಡುವಷ್ಟರಲ್ಲಿ ಪೌರಕಾರ್ಮಿಕರ ಮಕ್ಕಳು ದೊಡ್ಡವರಾಗಿರುತ್ತಾರೆ. ನ್ಯೂಯಾರ್ಕಿನಲ್ಲೂ 2024ರಲ್ಲಿ ಬಂದ ತೆರಿಗೆ ರಿಯಾಯಿತಿಗೆ ಇಂಥದ್ದೇ ಕಾಲು ಪಾಲಿನ ಷರತ್ತಿದೆ. ಮಾಲೀಕರು ಗೊಣಗುತ್ತಾರೆ. ಗೊಣಗಲಿ. ವರ್ಷಗಟ್ಟಲೆ ಸೊನ್ನೆ ಬಾಡಿಗೆ ಬರುತ್ತಿರುವ ಮಹಡಿಯದು ತಾನೆ.

ನೀವು ಒಂದು ದಿನ ಬಂದು ನೋಡುವುದಾದರೆ ಬೆಳಗ್ಗೆ ಒಂಬತ್ತಕ್ಕೆ ಬನ್ನಿ, ಆಗ ಪೂರ್ವದ ಕಿಟಕಿಗಳಲ್ಲಿ ಬಿಸಿಲು ಇರುತ್ತದೆ. ಬೀಗದ ಕೈ ವಾಚ್‌ಮನ್ ಹತ್ತಿರ ಇದೆ. ಲಿಫ್ಟ್ ಕೆಟ್ಟು ಎರಡು ವರ್ಷ ಆಯಿತು, ಐದು ಮಹಡಿ ಹತ್ತಬೇಕಾಗುತ್ತದೆ. ನಾನು ಜೊತೆಗೆ ಬರುತ್ತೇನೆ, ಮೂರನೇ ಮಹಡಿಯಲ್ಲಿ ಸ್ವಲ್ಪ ನಿಂತು ದಣಿವಾರಿಸಿಕೊಳ್ಳೋಣ.

ಇತಿ ನಿಮ್ಮ ವಿಶ್ವಾಸಿ,
ಐದನೇ ಮಹಡಿಯ ನಿವೃತ್ತ ಗುಮಾಸ್ತ, ಬೆಂಗಳೂರು