ಚರ್ಚ್‌ಗಳಿಗೂ ಚಾವಣಿ ನೆರವು ಸಿಗಲಿ

ಮಾನ್ಯ ಸಂಪಾದಕರೇ,

ಅಮೆರಿಕದ ಲೂಸಿಯಾನಾ ಕರಾವಳಿಗೆ 2020ರಲ್ಲಿ ಲಾರಾ, 2021ರಲ್ಲಿ ಐಡಾ ಚಂಡಮಾರುತಗಳು ಅಪ್ಪಳಿಸಿದ ಬಳಿಕ ಹಲವು ವಿಮಾ ಕಂಪನಿಗಳು ದಿವಾಳಿಯಾದವು. ವಿಮಾ ಕಂಪನಿಗಳೇ ತಮಗಾಗಿ ಮಾಡಿಸಿಕೊಳ್ಳುವ ವಿಮೆಯಾದ ಪುನರ್ವಿಮೆಯ ದರ ಏರಿಕೆಯ ಹೊರೆ ಗ್ರಾಹಕರ ಹೆಗಲಿಗೇ ಬಿತ್ತು. ಮನೆಮಾಲೀಕರ ಬವಣೆ ಸುದ್ದಿಯಾಗುತ್ತಿದೆ, ಆದರೆ ಅಲ್ಲಿನ ಸಣ್ಣ ಚರ್ಚ್‌ಗಳ ಪಾಡು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ.

ಅಗಲವಾದ ಚಾವಣಿ, ಎತ್ತರದ ಗೋಪುರ, ಬಣ್ಣದ ಗಾಜಿನ ಕಿಟಕಿಗಳಿರುವ ಹಳೆಯ ಕಟ್ಟಡ ಬಿರುಗಾಳಿಗೆ ಸುಲಭದ ತುತ್ತು ಎಂಬ ಕಂಪನಿಗಳ ಲೆಕ್ಕಾಚಾರದಲ್ಲಿ ಸುಳ್ಳಿಲ್ಲ. ಆದರೆ ವಿಮಾ ಕಂತು ಹೆಚ್ಚಾದರೆ ಅಂಗಡಿಯವನು ಸರಕಿನ ಬೆಲೆ ಏರಿಸಿಯಾನು; ಭಕ್ತರ ಕಾಣಿಕೆಯನ್ನೇ ನಂಬಿದ ಚರ್ಚ್‌ಗೆ ಆ ದಾರಿಯೂ ಇಲ್ಲ. ಕಂತಿಗಿಂತಲೂ ಕಠಿಣವಾದದ್ದು ಚಂಡಮಾರುತಕ್ಕೆಂದೇ ವಿಧಿಸುವ ಪ್ರತ್ಯೇಕ ಕಡಿತ, ಅಂದರೆ ನಷ್ಟದಲ್ಲಿ ವಿಮೆ ಮಾಡಿಸಿದವರೇ ಮೊದಲು ಭರಿಸಬೇಕಾದ ಪಾಲು. ಅದು ಸಾಮಾನ್ಯವಾಗಿ ನಷ್ಟದ ಮೇಲಲ್ಲ, ವಿಮೆ ಮಾಡಿಸಿದ ಒಟ್ಟು ಮೌಲ್ಯದ ಮೇಲೆ ನಿಗದಿಯಾಗುವುದರಿಂದ, 20 ಲಕ್ಷ ಡಾಲರ್ ಮೌಲ್ಯದ ಕಟ್ಟಡಕ್ಕೆ ಶೇ 5ರ ಕಡಿತವಿದ್ದರೆ ಮೊದಲ 1 ಲಕ್ಷ ಡಾಲರ್ ನಷ್ಟವನ್ನು ಚರ್ಚೇ ಭರಿಸಬೇಕು. ದುರಸ್ತಿಯ ವೆಚ್ಚ ಅದಕ್ಕಿಂತ ಕಡಿಮೆಯಾದರೆ, ವರ್ಷಗಟ್ಟಲೆ ಕಂತು ಕಟ್ಟಿಯೂ ಬಿಡಿಗಾಸು ಸಿಗದು.

2018ರಿಂದ ಪೂಜಾಸ್ಥಳಗಳೂ ಅಮೆರಿಕದ ಕೇಂದ್ರ ಸರ್ಕಾರದ ವಿಕೋಪ ನಿರ್ವಹಣಾ ಸಂಸ್ಥೆಯಾದ ಫೆಮಾದ ನೆರವಿಗೆ ಅರ್ಹವಾಗಿವೆ, ನಿಜ, ಆದರೆ ದುರಸ್ತಿಗೆ ಹಾಗೆ ನೆರವು ಪಡೆದವರು ಮುಂದೆ ವಿಮೆ ಮಾಡಿಸಿ ಉಳಿಸಿಕೊಳ್ಳಬೇಕೆಂಬ ಷರತ್ತೂ (ವಿಮೆಯೇ ಕೈಗೆಟುಕದವರಿಗೆ!) ಜೊತೆಗಿದೆ. ಬಿರುಗಾಳಿ ತಾಳಬಲ್ಲ ಚಾವಣಿಗಾಗಿ ಲೂಸಿಯಾನಾ ಸರ್ಕಾರ ವಾಸದ ಮನೆಗಳಿಗೆ ನೀಡಿರುವ 10,000 ಡಾಲರ್‌ವರೆಗಿನ ಅನುದಾನವನ್ನು, ಚಂಡಮಾರುತದ ಮರುದಿನ ಊರವರಿಗೆ ಊಟ, ನೀರು ಹಂಚುವ ಈ ಕಟ್ಟಡಗಳಿಗೂ ವಿಸ್ತರಿಸುವುದು ನ್ಯಾಯ.

– ಓರ್ವ ಓದುಗ, ಹ್ಯೂಸ್ಟನ್