ಸೊಪ್ಪಿನ ಪೆಟ್ಟಿಗೆ ಮತ್ತು ಅದರೊಳಗಿನ ತಪ್ಪು ಚೀಟಿ: ಒಂದು ದೂರು

ಗೆ,
ವ್ಯವಸ್ಥಾಪಕರು,
ತೋಟದ ಪಾಲು ವಿತರಣಾ ವಿಭಾಗ

ವಿಷಯ: ಹಂಗಾಮಿನ ಮೊದಲ ಸೊಪ್ಪುಗಳ ಪ್ಯಾಕಿಂಗ್ ಹಾಗೂ ‘ಬಳಕೆ ಚೀಟಿ’ಯ ದೋಷಗಳು

ಮಾನ್ಯರೇ,

ನಿಮ್ಮ ತೋಟದ ಬೆಳೆಯಲ್ಲಿ ವಾರವಾರ ಒಂದು ಪೆಟ್ಟಿಗೆ ಪಾಲು ಪಡೆಯಲು ಇಡೀ ಹಂಗಾಮಿನ ಹಣವನ್ನು ಮುಂಗಡವಾಗಿ ಕಟ್ಟಿರುವ ಚಂದಾದಾರರ ಪರವಾಗಿ ಈ ದೂರು. ಮೊದಲ ವಾರಗಳ ಪೆಟ್ಟಿಗೆಯಲ್ಲಿ ಸೊಪ್ಪೇ ಹೆಚ್ಚು ಎಂದು ತಿಳಿದೇ ಸೇರಿದ್ದೇವೆ. ತಂಪು ಮಣ್ಣಿನಲ್ಲಿ ಬೇಗ ಕೈಗೆ ಬರುವುದು ಪಾಲಕ್, ಲೆಟ್ಯೂಸ್, ಅರುಗುಲಾ (ಖಾರದ ರುಚಿಯ ಸಲಾಡ್ ಸೊಪ್ಪು), ಸಾಸಿವೆ ಸೊಪ್ಪು, ಎಳೆ ಕೇಲ್ (ಎಲೆಕೋಸಿನ ಜಾತಿಯ ಸೊಪ್ಪು), ಮೂಲಂಗಿಯಂಥವೇ. ಅರುಗುಲಾ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತುಗಳಿವೆ ಎಂದೂ ನಾವು ದೂರುತ್ತಿಲ್ಲ. ಅದು ನೆಗೆಯುವ ಪುಟ್ಟ ಜೀರುಂಡೆಯ ಕೆಲಸ, ತಿನ್ನಲು ಅಡ್ಡಿಯಿಲ್ಲ. ಬೆಳೆ ಚೆನ್ನಾಗಿದೆ. ಕೊಯ್ದ ಮೇಲೆ ಅದನ್ನು ಕೆಡಿಸುತ್ತಿರುವುದು ನಿಮ್ಮ ಪ್ಯಾಕಿಂಗ್. ಅಲ್ಲಿ ಉಳಿದದ್ದನ್ನು ಕೆಡಿಸುತ್ತಿರುವುದು, ಸೊಪ್ಪನ್ನು ಇಡುವ, ಬೇಯಿಸುವ ಬಗೆ ಹೇಳಲು ಪೆಟ್ಟಿಗೆಯಲ್ಲಿ ಹಾಕಿರುವ ನಿಮ್ಮ ಚೀಟಿ.

ಮೊದಲು ಪ್ಯಾಕಿಂಗ್. ಚೀಲ ಬಿಚ್ಚುವಾಗ ಒಳಗೋಡೆಯ ತುಂಬ ಹನಿ ಕಟ್ಟಿರುತ್ತದೆ, ಕೈಯಿಟ್ಟರೆ ಸೊಪ್ಪು ಬೆಚ್ಚಗಿರುತ್ತದೆ. ಅಂದರೆ ಹೊಲದ ಬಿಸಿ ಇಳಿಯುವ ಮೊದಲೇ ಬಾಯಿ ಕಟ್ಟಲಾಗಿದೆ. ಕೊಯ್ದ ಎಲೆ ಉಸಿರಾಡುತ್ತಲೇ ಇರುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಆ ಉಸಿರಾಟ ಎರಡು ಮೂರು ಪಟ್ಟಾಗುತ್ತದೆ. 0 ಡಿಗ್ರಿ ಸೆಲ್ಸಿಯಸ್‌ ಹತ್ತಿರ, ಒದ್ದೆ ಗಾಳಿಯಲ್ಲಿ 10ರಿಂದ 14 ದಿನ ತಡೆಯಬಲ್ಲ ಪಾಲಕ್ ನಿಮ್ಮ ಚೀಲದಲ್ಲಿ ಮೂರನೇ ದಿನಕ್ಕೆ ಲೋಳೆಯಾಗುತ್ತಿದೆ. ಬೆಳಿಗ್ಗೆ ತಂಪಿನಲ್ಲೇ ಕೊಯ್ದು, ತಣ್ಣನೆಯ ಶುದ್ಧ ನೀರಿನಲ್ಲಿ ಅದ್ದಿ ಬಿಸಿ ತೆಗೆದು, ನೀರು ಪೂರ್ತಿ ಸೋರಿದ ಮೇಲೆ ತೂತುಳ್ಳ ಚೀಲಕ್ಕೆ ಹಾಕಿ. ರಬ್ಬರ್ ಬ್ಯಾಂಡನ್ನು ಎರಡು ಸುತ್ತು ಬಿಗಿಯುವುದನ್ನು ದಯವಿಟ್ಟು ನಿಲ್ಲಿಸಿ. ದಂಟು ಜಜ್ಜಿದ ಜಾಗದಿಂದಲೇ ಕೊಳೆ ಶುರುವಾಗುತ್ತದೆ.

ಇನ್ನು ಚೀಟಿ. ಅದರ ಮೊದಲ ಸಾಲೇ ಹೆಚ್ಚಿನ ಹಾನಿ ಮಾಡುತ್ತಿದೆ: “ತಂದ ಕೂಡಲೇ ಎಲ್ಲವನ್ನೂ ತೊಳೆದು ಡಬ್ಬಿಯಲ್ಲಿ ಮುಚ್ಚಿಡಿ.” ತೊಳೆಯುವುದು ತಪ್ಪಲ್ಲ, ಒಣಗಿಸದೆ ಮುಚ್ಚುವುದು ತಪ್ಪು. ಬರೆಯಬೇಕಿದ್ದದ್ದು ಇದು: ಅಗಲ ಪಾತ್ರೆಯ ತುಂಬ ತಣ್ಣೀರು ಹಾಕಿ, ಸೊಪ್ಪನ್ನು ಮುಳುಗಿಸಿ ಅಲ್ಲಾಡಿಸಿ, ಒಂದೆರಡು ನಿಮಿಷ ಬಿಟ್ಟು ಕೈಯಲ್ಲಿ ಎತ್ತಿ ತೆಗೆಯಿರಿ. ಪಾತ್ರೆಯನ್ನೇ ಜರಡಿಗೆ ಬಗ್ಗಿಸಿದರೆ ತಳದಲ್ಲಿ ಕೂತ ಮರಳು ಮತ್ತೆ ಎಲೆಯ ಮೇಲೇ ಬೀಳುತ್ತದೆ. ತಳದಲ್ಲಿ ಮರಳು ಕಾಣದಾಗುವವರೆಗೆ ನೀರು ಬದಲಿಸಿ. ಮಳೆಯ ಮರುದಿನ ಕೊಯ್ದ ಪಾಲಕ್‌ಗೆ ಮೂರು ಸಲವಾದರೂ ಬೇಕು. ಆಮೇಲೆ ಬಟ್ಟೆಯ ಮೇಲೆ ಹರಡಿ ನೀರು ಆರಿಸಿ, ಒಣ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಫ್ರಿಜ್ಜಿನಲ್ಲಿಡಿ. ಅಷ್ಟು ಪುರುಸೊತ್ತಿಲ್ಲದವರು ತೊಳೆಯದೆ ಇಟ್ಟು, ಬಳಸುವ ಮುನ್ನ ತೊಳೆಯುವುದೇ ವಾಸಿ. ಸೇಬು, ಬಾಳೆ, ಮಾಗಿದ ಟೊಮೆಟೊ ಪಕ್ಕದಲ್ಲಿರಬಾರದು, ಅವು ಬಿಡುವ ಎಥಿಲೀನ್ ಅನಿಲದಿಂದ ಎಲೆ ಹಳದಿಯಾಗುತ್ತದೆ. ಬರೀ ಬಾಡಿದ್ದರೆ 15–30 ನಿಮಿಷ ತಣ್ಣೀರಿನಲ್ಲಿಟ್ಟರೆ ಸೆಟೆದೇಳುತ್ತದೆ. ಲೋಳೆಯಾದದ್ದು ಏಳುವುದಿಲ್ಲ.

“ಮೂಲಂಗಿಯನ್ನು ಎಲೆ ಸಮೇತ ಇಡಿ” ಎಂಬ ಸಾಲನ್ನು ತೆಗೆದೇ ಹಾಕಿ. ಎಲೆ ಗೆಡ್ಡೆಯ ನೀರನ್ನು ಎಳೆದುಕೊಳ್ಳುತ್ತದೆ, ಗೆಡ್ಡೆ ಮೆತ್ತಗಾಗುತ್ತದೆ. ಸುಮಾರು 2 ಸೆಂಟಿಮೀಟರ್ ದಂಟು ಉಳಿಸಿ ಕತ್ತರಿಸಿ, ಎಲೆಯನ್ನು ಬೇರೆ ಇಟ್ಟು ಒಂದೆರಡು ದಿನದಲ್ಲಿ ಮುಗಿಸಬೇಕು. ಎಲೆ ಒರಟಾಗಿರುವುದರಿಂದ ಬೇಯಿಸಿ ತಿನ್ನುವುದೇ ಸರಿ.

“ಎಲ್ಲ ಸೊಪ್ಪನ್ನೂ ಚಿಟಿಕೆ ಸೋಡಾ ಹಾಕಿ 10 ನಿಮಿಷ ಮುಚ್ಚಿ ಬೇಯಿಸಿ” ಎನ್ನುತ್ತದೆ ಚೀಟಿ. ಎಳೆ ಪಾಲಕ್‌ಗೆ ಎರಡು ನಿಮಿಷ ಸಾಕು. ಬಲಿತ ಕೇಲ್ ಎಲೆಗೆ ನಡುನರ ತೆಗೆದರೂ ಹತ್ತು ನಿಮಿಷ ಬೇಕಾಗಬಹುದು. ಎರಡನ್ನೂ ಒಂದೇ ಪಾತ್ರೆಗೆ ಹಾಕಿಸಿದರೆ ಒಂದು ಮುದ್ದೆ, ಒಂದು ನಾರು. ಸೋಡಾ ಹಸಿರನ್ನು ಉಳಿಸುತ್ತದೆ, ನಿಜ. ಆದರೆ ಎಲೆಯನ್ನು ಕರಗಿಸುತ್ತದೆ, ಸಿ ಜೀವಸತ್ವವನ್ನೂ ಕಳೆಯುತ್ತದೆ. ಹಸಿರು ಬೇಕಿದ್ದರೆ ಮುಚ್ಚಳ ತೆರೆದಿಟ್ಟು ಬೇಗ ಬೇಯಿಸಿ, ಹುಳಿಯನ್ನು ಕೊನೆಗೆ ಹಾಕಿದರಾಯಿತು.

“ಹೆಚ್ಚಾದದ್ದನ್ನು ಹಸಿಯಾಗಿಯೇ ಫ್ರೀಜರ್‌ಗೆ ಹಾಕಿ” ಎಂಬುದೂ ಸರಿಯಲ್ಲ. ಕುದಿಯುವ ನೀರಿನಲ್ಲಿ 2 ನಿಮಿಷ ಅದ್ದಿ, ಅಷ್ಟೇ ಹೊತ್ತು ಐಸ್ ನೀರಿನಲ್ಲಿಟ್ಟು, ಹಿಂಡಿ, ಗಾಳಿ ತೆಗೆದು −18 ಡಿಗ್ರಿಯಲ್ಲಿಡಬೇಕು. ಬಿಸಿ ತಾಗದ ಎಲೆಯಲ್ಲಿ ಕಿಣ್ವಗಳು ಫ್ರೀಜರ್‌ನಲ್ಲೂ ಕೆಲಸ ನಿಲ್ಲಿಸುವುದಿಲ್ಲ. ಬಣ್ಣ, ರುಚಿ ಎರಡೂ ಹೋಗುತ್ತವೆ.

ಚೀಲದ ಮೇಲಿನ ‘ಮಿಶ್ರ ಸೊಪ್ಪು’ ಎಂಬ ಹೆಸರು ಮಾತ್ರ ರುಚಿಯ ವಿಷಯವಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು, ಆ ಮಾತ್ರೆಯ ಪರಿಣಾಮವನ್ನು ತಗ್ಗಿಸುವ, ಸೊಪ್ಪಿನಲ್ಲಿ ಹೆಚ್ಚಾಗಿರುವ ಕೆ ಜೀವಸತ್ವವನ್ನು ವಾರದಿಂದ ವಾರಕ್ಕೆ ತಿನ್ನುವ ಪ್ರಮಾಣವನ್ನು ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳಬೇಕು. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲಿನ ತೊಂದರೆ ಇರುವವರಿಗೆ ಪಾಲಕ್ ಬೇರೆ, ಕೇಲ್ ಬೇರೆ: ಮೊದಲನೆಯದರಲ್ಲಿ ಆಕ್ಸಲೇಟ್ ತುಂಬ ಹೆಚ್ಚು, ಎರಡನೆಯದರಲ್ಲಿ ಕಡಿಮೆ. ಚೀಲದಲ್ಲಿ ಯಾವ ಸೊಪ್ಪು ಎಷ್ಟು ಗ್ರಾಂ ಇದೆ ಎಂದು ಬರೆಯದಿದ್ದರೆ ಇವರು ಪೆಟ್ಟಿಗೆಯನ್ನು ಮುಟ್ಟುವುದಾದರೂ ಹೇಗೆ? ಅಂದಹಾಗೆ, “ಒಂದು ಕಟ್ಟು ನಾಲ್ವರಿಗೆ” ಎಂದವರು ಪಾಲಕ್ ಬೇಯಿಸಿ ನೋಡಿದಂತಿಲ್ಲ. ಅರ್ಧ ಕಿಲೋ ಹಸಿ ಎಲೆ ಬೆಂದು ಒಂದು ಬಟ್ಟಲಿಗೆ ಇಳಿಯುತ್ತದೆ.

ನಮ್ಮ ಬೇಡಿಕೆ: ಮುಂದಿನ ವಿತರಣೆಯ ಹೊತ್ತಿಗೆ ಈ ಚೀಟಿಯನ್ನು ಹಿಂಪಡೆಯಿರಿ. ಪ್ರತಿ ಸೊಪ್ಪನ್ನೂ ಹೆಸರು, ತೂಕ, ಕೊಯ್ದ ದಿನದೊಂದಿಗೆ ಬೇರೆ ಚೀಲದಲ್ಲಿ ಕೊಡಿ. ಪೆಟ್ಟಿಗೆಯಲ್ಲಿ ಏನಿರುತ್ತದೆ ಎಂಬ ಪಟ್ಟಿಯನ್ನು ಎರಡು ದಿನ ಮೊದಲೇ ಕಳಿಸಿ. ಲೋಳೆಯಾಗಿ ಎಸೆದ ಸೊಪ್ಪಿನ ತೂಕದಷ್ಟನ್ನು ಹಂಗಾಮು ಮುಗಿಯುವುದರೊಳಗೆ ತುಂಬಿಕೊಡಿ. ಚೀಲಗಳ ಫೋಟೋ ಮತ್ತು ತೂಕದ ವಿವರ ಲಗತ್ತಿಸಿದ್ದೇವೆ. ಏಳು ದಿನದೊಳಗೆ ಲಿಖಿತ ಉತ್ತರ ಬೇಕು. ಹೊಸ ಚೀಟಿಯನ್ನು ಅಚ್ಚಿಗೆ ಕಳಿಸುವ ಮೊದಲು ನಮಗೊಮ್ಮೆ ತೋರಿಸಿ, ತಿದ್ದಿಕೊಡುತ್ತೇವೆ.

ಇಂತಿ,
ಪಾಲುದಾರ ಚಂದಾದಾರರು