ಉಳಿಯುವುದು ಮೆತ್ತಗಾದ ಚಿಪ್ಪಲ್ಲ, ಪೊರೆ

ಮಾನ್ಯರೇ,

ವಿನೆಗರ್‌ನಲ್ಲಿಟ್ಟ ಮೊಟ್ಟೆಯ ‘ಚಿಪ್ಪು ಮೆತ್ತಗಾಗುತ್ತದೆ’ ಎಂದು ಮಕ್ಕಳಿಗೆ ಹೇಳುವುದು ರೂಢಿಯಾಗಿಬಿಟ್ಟಿದೆ. ದಯವಿಟ್ಟು ಇದನ್ನು ಬಿಡೋಣ. ಚಿಪ್ಪು ಕರಗಿಯೇ ಹೋಗುತ್ತದೆ. ಕೈಗೆ ರಬ್ಬರಿನಂತೆ ಸಿಗುವುದು ಅದರೊಳಗಿದ್ದ ಪೊರೆ.

ಕೋಳಿಮೊಟ್ಟೆಯ ಚಿಪ್ಪಿನಲ್ಲಿ ಸುಮಾರು ಶೇ 95ರಷ್ಟು ಕ್ಯಾಲ್ಸಿಯಂ ಕಾರ್ಬೋನೇಟ್, ಅದೂ ಕ್ಯಾಲ್ಸೈಟ್ ಹರಳಾಗಿ. ಮಿಕ್ಕಿದ್ದು ತುಸು ಮೆಗ್ನೀಸಿಯಂ, ರಂಜಕ, ಹರಳುಗಳ ನಡುವೆ ಸೇರಿಕೊಂಡ ಪ್ರೋಟೀನ್. ಪೊರೆಯಾದರೋ ಪ್ರೋಟೀನ್ ನೂಲುಗಳ ಬಲೆ. ಎರಡು ಪದರ: ದಪ್ಪನೆಯದು ಚಿಪ್ಪಿಗೆ ಅಂಟಿರುತ್ತದೆ, ತೆಳುವಾದದ್ದು ಲೋಳೆಯ ಕಡೆಗೆ. ಮೊಂಡು ತುದಿಯಲ್ಲಿ ಇವೆರಡೂ ಬೇರ್ಪಟ್ಟಾಗ ಗಾಳಿಯ ಕೋಶ ಉಂಟಾಗುತ್ತದೆ. ಗಂಧಕ ಹೆಚ್ಚಿರುವ ಕಾರಣಕ್ಕೆ ಪೊರೆಯನ್ನು ಕೂದಲಿನ ಪ್ರೋಟೀನಾದ ಕೆರಾಟಿನ್ ಎಂದೇ ಬರೆಯುವವರಿದ್ದಾರೆ. ಅದೂ ಸರಿಯಲ್ಲ. ಇದರಲ್ಲಿರುವುದು ಕಾಲಜನ್ ಎಂಬ ನಾರಿನಂಥ ಪ್ರೋಟೀನ್, ಜೊತೆಗೆ ಸಿಸ್ಟೀನ್ (ಗಂಧಕವುಳ್ಳ ಅಮೈನೊ ಆಮ್ಲ) ಹೇರಳವಾಗಿರುವ ಬೇರೆ ಪ್ರೋಟೀನುಗಳು. ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡಿರುವುದರಿಂದ ಅವು ವಿನೆಗರ್‌ಗೆ ಜಗ್ಗುವುದಿಲ್ಲ. ಕೋಳಿಯ ಒಡಲಲ್ಲಿ ಮೊದಲು ಸಿದ್ಧವಾಗುವುದೂ ಪೊರೆಯೇ. ಆಮೇಲೆ ಅದರ ಹೊರಮೈಯ ಬಿಂದುಗಳ ಮೇಲೆ ಹರಳು ಕುಳಿತು, ಸುಮಾರು 20 ಗಂಟೆಯಲ್ಲಿ ಚಿಪ್ಪು ಬೆಳೆಯುತ್ತದೆ.

ಪ್ರಯೋಗ ಕೆಡುವುದು ಹೆಚ್ಚಾಗಿ ವಿನೆಗರ್ ಸಾಲದೆ. 60 ಗ್ರಾಂ ಮೊಟ್ಟೆಯ ಚಿಪ್ಪು ಸುಮಾರು 6 ಗ್ರಾಂ. ಅಷ್ಟನ್ನು ಕರಗಿಸಲು ಶೇ 5ರಷ್ಟು ಅಸಿಟಿಕ್ ಆಮ್ಲವಿರುವ ವಿನೆಗರ್ ಲೆಕ್ಕದಲ್ಲೇ 140 ಮಿ.ಲೀ. ಬೇಕು, ಕೊನೆಕೊನೆಗೆ ಆಮ್ಲ ಸಪ್ಪೆಯಾಗಿ ಕೆಲಸ ನಿಧಾನವಾಗುವುದರಿಂದ 250 ಮಿ.ಲೀ. ಹಾಕಿ, 12 ಗಂಟೆಯ ಬಳಿಕ ಹೊಸದನ್ನು ತುಂಬುವುದು ಒಳ್ಳೆಯದು. ಚಿಪ್ಪು ಕರಗುವಾಗ ಏಳುವ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳು ಅಂಟಿಕೊಂಡು ಮೊಟ್ಟೆಯನ್ನು ಮೇಲೆತ್ತುತ್ತವೆ. ಹೊರಗುಳಿದ ಭಾಗ ಕರಗದೆ ಬಿಳಿ ಕಲೆಯಾಗಿ ನಿಲ್ಲುತ್ತದೆ, ಆದ್ದರಿಂದ ಆಗಾಗ ಹೊರಳಿಸಬೇಕು. ಕಂದು ಮೊಟ್ಟೆಯಾದರೆ ಬಣ್ಣ ಕೆನೆಯಂತೆ ಕಳಚುತ್ತದೆ, ಅದು ಕೊಳೆಯಲ್ಲ.

ಇನ್ನೊಂದು ದೊಡ್ಡ ತಪ್ಪು ತೂಕದ್ದು. ಮೊದಲಿನ ತೂಕದಲ್ಲಿ ನಂತರದ್ದನ್ನು ಕಳೆದು ‘ಇಷ್ಟು ಚಿಪ್ಪು ಕರಗಿತು’ ಎಂದು ಬರೆಸುತ್ತಾರೆ. ಪೊರೆಯ ಮೂಲಕ ನೀರು ಒಳಹೊಕ್ಕು ಮೊಟ್ಟೆ ಊದಿಕೊಳ್ಳುವುದರಿಂದ, ಚಿಪ್ಪು ಹೋದ ಮೇಲೂ ತೂಕ ಏರಿರಬಹುದು. ಚಿಪ್ಪನ್ನೇ ತೂಗಬೇಕಿದ್ದರೆ ಇನ್ನೊಂದು ಮೊಟ್ಟೆ ಒಡೆದು, ಪೊರೆಯನ್ನು ಹಸಿಯಿರುವಾಗಲೇ ಸುಲಿದು, ಚಿಪ್ಪನ್ನು ಒಣಗಿಸಿ ತೂಗಿ. ಪೊರೆ ಒಣಗಿತೆಂದರೆ ಚಿಪ್ಪಿಗೆ ಕಚ್ಚಿಕೊಂಡು ಚೂರುಚೂರಾಗಿಯೇ ಬರುತ್ತದೆ.

– ಒಬ್ಬ ರಸಾಯನಶಾಸ್ತ್ರ ಬೋಧಕ